ಜಾಹೀರಾತಿಲ್ಲದ ಮನೆ

ಮಾರ್ಚ್ ೩, ಸೋಮವಾರ

ಡಾಕ್ಟರು ನನ್ನನ್ನೂ ಮೈದುನನನ್ನೂ ಹೊರಗೆ ಕರೆದು ಹೇಳಿದರು. ಇವರಿಗೆ ಬಂದಿರುವುದು ಕ್ಯಾನ್ಸರ್. ಮೇದೋಜೀರಕ ಗ್ರಂಥಿಯಲ್ಲಿ ಶುರುವಾಗಿ ಲಿವರಿಗೆ ಹರಡಿದೆಯಂತೆ. ಅಂಥದ್ದೊಂದು ಗ್ರಂಥಿ ಮನುಷ್ಯನ ಹೊಟ್ಟೆಯಲ್ಲಿದೆ ಎಂದು ನನಗೆ ಗೊತ್ತಾದದ್ದೇ ಇವತ್ತು. ಆಪರೇಷನ್ ಮಾಡುವ ಹಂತ ದಾಟಿದೆ, ಈ ವರ್ಷದ ಕೊನೆ ಕಾಣುವುದು ಕಷ್ಟ ಎಂದರು. ಗಾಜಿನ ಬಾಗಿಲಿನಾಚೆ ಇವರು ಮಂಚದ ಮೇಲೆ ಕೂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಒಂದು ಗುಂಡಿ ಹೆಚ್ಚುಕಡಿಮೆಯಾಗಿ, ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಹಾಕಿಕೊಂಡರು. ಡಾಕ್ಟರು ಮಾತಾಡುವಾಗ ನಾನು ಅದನ್ನೇ ನೋಡುತ್ತಿದ್ದೆ.

ಮೈದುನ ನನ್ನ ತೋಳು ಹಿಡಿದು, "ಅಣ್ಣನಿಗೆ ಹೇಳೋದು ಬೇಡ ಅತ್ತಿಗೆ, ಕುಗ್ಗಿಹೋಗ್ತಾನೆ" ಎಂದ. ಹೇಳುವ ಧೈರ್ಯ ನನಗಾದರೂ ಎಲ್ಲಿತ್ತು. ಒಳಗೆ ಹೋಗಿ, ಲಿವರಿಗೆ ಊತ ಬಂದಿದೆಯಂತೆ, ಮಾತ್ರೆ ತಗೊಂಡರೆ ಇಳಿಯುತ್ತದಂತೆ ಎಂದೆ. ಇವರು "ಸರಿ" ಎಂದು ಚಪ್ಪಲಿ ಹುಡುಕಿದರು.

ಮನೆಗೆ ಬಂದು, ಇವರು ಅಡ್ಡಾದ ಮೇಲೆ ಲ್ಯಾಪ್‌ಟಾಪ್ ತೆಗೆದು ಹುಡುಕಿ ಓದಿದೆ. ಮನೆಗೆಲ್ಲ ಇರುವುದು ಅದೊಂದೇ, ಇವರ ಫೋನು ಬರೀ ಮಾತಾಡುವ ಹಳೇ ಡಬ್ಬ. ಒಂದು ಪುಟ ಆಸೆ ತೋರಿಸುತ್ತದೆ, ಇನ್ನೊಂದು ಬಂದು ಕತ್ತು ಹಿಸುಕುತ್ತದೆ. ಸಾಕೆನಿಸುವವರೆಗೂ ಓದಿದೆ. ಇನ್ನು ಓದುವುದಿಲ್ಲ.

ಮಾರ್ಚ್ ೫, ಬುಧವಾರ

ಮೈಗೆ ಹುಷಾರಿಲ್ಲದಾಗಿನಿಂದ ಇವರ ರಿಪೇರಿ ಅಂಗಡಿಗೆ ಬೀಗ. ಮನೆಯಲ್ಲೇ ಕಿಟಕಿಯ ಪಕ್ಕ ಮೇಜು ಹಾಕಿಕೊಂಡು ಹಳೆಯ ರೇಡಿಯೋಗಳ ಹೊಟ್ಟೆ ಬಗೆಯುತ್ತ ಕೂರುತ್ತಾರೆ. ಪಕ್ಕದಲ್ಲಿ ಲ್ಯಾಪ್‌ಟಾಪಿನಲ್ಲಿ ಇನ್ಯಾರೋ ರೇಡಿಯೋ ಬಿಚ್ಚುವ ವಿಡಿಯೋ ಓಡುತ್ತಿರುತ್ತದೆ. ಮಾಡುವುದೂ ಅದೇ, ನೋಡುವುದೂ ಅದೇ. ಇಂಥ ಗಂಡನನ್ನು ಕಟ್ಟಿಕೊಂಡವಳಿಗೆ ಸವತಿಯ ಭಯ ಇರುವುದಿಲ್ಲ.

ಸಂಜೆ ಚಹಾ ಕೊಡಲು ಹೋದೆ. ವಿಡಿಯೋದ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ, "ಕ್ಯಾನ್ಸರ್ ಕೊನೆಯ ಹಂತವೇ? ಭಯ ಬೇಡ" ಎಂದಿತ್ತು. ಕೆಳಗೆ ಹಲ್ಲು ಬಿಟ್ಟುಕೊಂಡು ನಿಂತ ಒಬ್ಬ ಡಾಕ್ಟರು. ಅದರ ಕೆಳಗೆ ಯಾವುದೋ ಬೇರಿನ ಪುಡಿ. ಇವರ ಬೆರಳು ಇನ್ನೂ ಕೀಲಿಗಳ ಮೇಲಿರುವಾಗಲೇ ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ. ಚಾರ್ಜ್ ಮುಗಿಯುತ್ತಿದೆ ಎಂದೆ. ವೈರು ಚುಚ್ಚಿಯೇ ಇದೆಯಲ್ಲ ಎಂದು ಇವರು ತೋರಿಸಿದರು. ಬಿಸಿಯಾಗಿದೆ ಎಂದೆ. ಸುಳ್ಳು ಹೇಳುವುದು ನನಗೆ ಒಗ್ಗಿಬರುವುದಿಲ್ಲ, ಅಭ್ಯಾಸ ಮಾಡಿಕೊಳ್ಳಬೇಕು.

ಈ ಜಾಹೀರಾತಿನವರಿಗೆ ಹೇಳಿದವರು ಯಾರು?

ಮಾರ್ಚ್ ೬, ಗುರುವಾರ

ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯ ಪಕ್ಕದಲ್ಲೇ ಕಂಪ್ಯೂಟರ್ ರಿಪೇರಿಯವಳೊಬ್ಬಳಿದ್ದಾಳೆ. ನಾವೆಲ್ಲ ಅವಳನ್ನು ಕರೆಯುವುದು ಮೌಸಮ್ಮ ಎಂದು. ಸ್ವಂತ ಹೆಸರು ಅವಳಿಗೂ ಮರೆತಿರಬೇಕು. ಮಧ್ಯಾಹ್ನ ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಜಾಹೀರಾತಿನ ಕಾಟ ಎಂದಷ್ಟೇ ಹೇಳಿದೆ. ನೀವು ಇದರಲ್ಲಿ ಏನು ಹುಡುಕುತ್ತೀರೋ ಅದು ಇಡೀ ಪೇಟೆಗೆ ಗೊತ್ತಾಗುತ್ತದೆ, ಆಮೇಲೆ ಎಲ್ಲರೂ ಅದನ್ನೇ ಹೊತ್ತುಕೊಂಡು ಹಿಂದೆ ಬೀಳುತ್ತಾರೆ ಎಂದು ವಿವರಿಸಿದಳು. ಹಾಗಾದರೆ ಹೇಳಿದವಳು ನಾನೇ.

ಬ್ರೌಸರಿಗೆ ಒಂದು ಆಡ್-ಆನ್ ಸೇರಿಸಿಕೊಟ್ಟಳು. ಮೂಲೆಯಲ್ಲೊಂದು ಪುಟ್ಟ ಗುರಾಣಿಯ ಚಿತ್ರ, ಅಷ್ಟೆ. ಜಾಹೀರಾತು ಎಂಬುದೇ ಮಾಯ. ಮನೆಗೆ ತಂದು ಇವರ ಮುಂದಿಟ್ಟೆ. ಸ್ವಲ್ಪ ಹೊತ್ತು ನೋಡಿ, ಹಾಸಿಗೆ ಮಾರುವ ಮೀಸೆಯವನು ಎಲ್ಲಿ ಹೋದ ಎಂದು ಕೇಳಿದರು. ಅವನ ಕುಣಿತ ಇವರಿಗೆ ಇಷ್ಟವಂತೆ. ಅವನ ಅಂಗಡಿ ಮುಚ್ಚಿತಂತೆ ಎಂದೆ. ನಕ್ಕರು. ನಾನೂ ನಕ್ಕೆ. ಎಷ್ಟೋ ದಿನಗಳ ಮೇಲೆ ಹೊಟ್ಟೆತುಂಬ ಉಂಡೆ.

ಮಾರ್ಚ್ ೧೪, ಶುಕ್ರವಾರ

ಜಾಹೀರಾತು ಹೋದರೆ ಸಾಲದು. ಸುದ್ದಿಯಲ್ಲಿ ಬರುತ್ತದೆ, ಸಿನಿಮಾ ನಟಿಯ ಸಂದರ್ಶನದಲ್ಲಿ ಬರುತ್ತದೆ, ತರಕಾರಿಯ ಗುಣಗಳನ್ನು ಹೇಳುವ ಲೇಖನದಲ್ಲೂ ಬರುತ್ತದೆ. ಮತ್ತೆ ಮೌಸಮ್ಮನ ಹತ್ತಿರ ಹೋದೆ. ಇನ್ನೊಂದು ಆಡ್-ಆನ್ ಇದೆ, ಸಾಮಾನ್ಯವಾಗಿ ಮಕ್ಕಳಿರುವ ಮನೆಯವರು ಹಾಕಿಸುತ್ತಾರೆ ಎಂದಳು. ಅಶ್ಲೀಲ, ಜೂಜು, ಹೊಡೆದಾಟ, ಬೇಕಾದ್ದನ್ನು ತಡೆಯಬಹುದು. ಜೊತೆಗೆ ನಮ್ಮದೇ ಪದಗಳನ್ನೂ ಕೊಡಬಹುದು. ಆ ಪದವಿರುವ ಪುಟ ತೆರೆಯುವುದಿಲ್ಲ, ಬೂದು ಬಣ್ಣದ ಪರದೆ ಬಂದು ನಿಲ್ಲುತ್ತದೆ.

ಮನೆಯಲ್ಲಿ ವಯಸ್ಸಿಗೆ ಬಂದ ಮಕ್ಕಳಿದ್ದಾರಾ ಎಂದು ಕೇಳಿದಳು. ಹೂಂ ಎಂದೆ. "ಹುಷಾರಾಗಿರಿ, ಈಗಿನ ಮಕ್ಳು ನಮಗಿಂತ ಚುರುಕು" ಎಂದು ಕಣ್ಣು ಮಿಟುಕಿಸಿದಳು. ಐವತ್ತೆಂಟು ವರ್ಷದ ನನ್ನ ಮಗುವನ್ನು ನೆನೆದು ಒಳಗೇ ನಗು ಬಂತು.

ಆ ಪದವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಾಕಿದೆ. ಆ ಗ್ರಂಥಿಯ ಹೆಸರನ್ನೂ ಹಾಕಿದೆ. ಪಾಸ್‌ವರ್ಡ್ ನನಗೊಬ್ಬಳಿಗೇ ಗೊತ್ತು.

ಮಾರ್ಚ್ ೨೩, ಭಾನುವಾರ

ಮೈದುನ ಬಂದಿದ್ದ. ಅಣ್ಣನ ಮುಖ ನೋಡಿದ್ದೇ ತಡ, ಅಡುಗೆಮನೆಗೆ ಬಂದು ಸಿಂಕಿಗೆ ಒರಗಿ ಅತ್ತ. ಅಳುವುದಾದರೆ ನಿನ್ನ ಮನೆಯಲ್ಲಿ ಅಳು, ಇಲ್ಲಿಗೆ ಬರುವಾಗ ನಗುವ ಮುಖ ತಾ ಎಂದು ಗದರಿಸಿ, ಮುಖ ತೊಳೆಸಿ ಹೊರಗೆ ಕಳಿಸಿದೆ. ಅವನು ಹೋಗಿ ಅಣ್ಣನ ಪಕ್ಕ ಕೂತು, ಬೆಸುಗೆ ಹಾಕುವಾಗ ತಂತಿ ಹಿಡಿದುಕೊಂಡ. ತಪ್ಪು ತಂತಿ ಹಿಡಿದು ಬೈಸಿಕೊಂಡ.

ಇವರ ಪ್ಯಾಂಟುಗಳೆಲ್ಲ ಸಡಿಲ. ಇಸ್ತ್ರಿಗೆ ಕೊಟ್ಟಿದ್ದೇನೆ ಎಂದು ಹೇಳಿ, ಅಂಗಡಿಗೆ ಒಯ್ದು, ಗಿರಾಕಿಗಳಿಲ್ಲದಾಗ ಸೊಂಟ ಹಿಡಿದು ಹೊಲಿದೆ. ತೂಕದ ಯಂತ್ರವನ್ನು ಅಟ್ಟಕ್ಕೆ ಹಾಕಿದೆ. ಬಚ್ಚಲಿನ ಕನ್ನಡಿಯ ಮುಂದಿದ್ದ ಬಲ್ಬು ತೆಗೆದು ಕಡಿಮೆ ಬೆಳಕಿನದನ್ನು ಹಾಕಿದೆ. ಇವರಿಗೆ ಒಂದೂ ಗೊತ್ತಾಗಿಲ್ಲ. ಮೈಯೆಲ್ಲ ಕಣ್ಣಾಗಿರಬೇಕು, ಅಷ್ಟೆ.

ಏಪ್ರಿಲ್ ೧, ಮಂಗಳವಾರ

ರೇಡಿಯೋ ಮೇಷ್ಟ್ರ ಪುಟ ತೆರೆಯುತ್ತಿಲ್ಲ ಎಂದರು. ಇವರು ದಿನಾ ನೋಡುವ ಮುದುಕ, ಯಾವುದೋ ದೂರದೂರಿನವನು. ಅಂಗಡಿಯಲ್ಲಿ ನನ್ನ ಫೋನಿನಲ್ಲಿ ನೋಡಿದೆ. ಮೇಷ್ಟ್ರು ತೀರಿಕೊಂಡಿದ್ದಾರೆ, ಅವರ ಮಗಳು ನಾಲ್ಕು ಸಾಲು ಬರೆದು ಹಾಕಿದ್ದಾಳೆ. ಸತ್ತದ್ದೂ ಅದೇ ಕಾಯಿಲೆಯಿಂದ. ಸದ್ಯ, ಪುಟ ತೆರೆಯಲಿಲ್ಲವಲ್ಲ ಎಂದು ಸಮಾಧಾನವಾಯಿತು. ಮೇಷ್ಟ್ರು ಬೇರೆ ಕೆಲಸ ಹಿಡಿದಿರಬೇಕು ಬಿಡಿ ಎಂದೆ.

ಇನ್ನಷ್ಟು ಪದ ಸೇರಿಸಿದೆ. ಸಾವು, ನಿಧನ, ಕೊನೆಯ ದಿನಗಳು, ಆಯಸ್ಸು, ನೋವು. ಮೌಸಮ್ಮನಿಗೆ ಹೇಳಿ ನನ್ನ ಫೋನಿಗೂ ಅದನ್ನೇ ಹಾಕಿಸಿಕೊಂಡೆ. ನಾನು ನೋಡಿ ತಾನೆ ಏನು ಮಾಡಬೇಕಾಗಿದೆ.

ಡಾಕ್ಟರ ಕಡೆಯಿಂದ ಫೋನ್ ಬಂತು. ಮುಂದಿನ ಆರೈಕೆಯ ಬಗ್ಗೆ ಮಾತಾಡಬೇಕು, ಇವರನ್ನು ಕರೆದುಕೊಂಡು ಬನ್ನಿ ಎಂದರು. ಅಂಗಡಿಯಲ್ಲಿ ರಜೆ ಸಿಗುವುದಿಲ್ಲ. ಮೈದುನನಿಗೆ ಹೋಗಿ ಬಾ ಎಂದೆ. ಅವನು ನಾಳೆ ನಾಡಿದ್ದು ಎನ್ನುತ್ತಿದ್ದಾನೆ.

ಏಪ್ರಿಲ್ ೯, ಬುಧವಾರ

ಅಂಗಡಿಗೆ ಒಬ್ಬ ಮುದುಕ ಬಂದಿದ್ದ. ಗೋಡೆಯ ಮೇಲಿನ ಅಕ್ಷರಗಳನ್ನು ಪಟಪಟ ಓದಿದ. ಅನುಮಾನ ಬಂದು ಹಲಗೆ ತಿರುಗಿಸಿ ಬೇರೆ ಅಕ್ಷರ ಇಟ್ಟೆ. ಮೊದಲಿನದನ್ನೇ ಒಪ್ಪಿಸಿದ. ಹಿಂದಿನ ಸಲ ಬಂದಾಗ ಬಾಯಿಪಾಠ ಮಾಡಿಕೊಂಡಿದ್ದನಂತೆ. ಕಣ್ಣು ಚೆನ್ನಾಗಿದೆ ಎಂದು ಮಗಳ ಹತ್ತಿರ ಹೇಳಿಸಿಕೊಳ್ಳುವ ಆಸೆ. ಮನೆಗೆ ಬಂದು ಇವರಿಗೆ ಹೇಳಿ ನಗಿಸೋಣ ಎಂದುಕೊಂಡಿದ್ದೆ. ಬರುವಷ್ಟರಲ್ಲಿ ಕುರ್ಚಿಯಲ್ಲೇ ಮುದುಡಿ ನಿದ್ದೆ ಹೋಗಿದ್ದರು.

ಈಚೆಗೆ ಇವರು ಹಾಸಿಗೆಗೇ ಬರುವುದಿಲ್ಲ. ಕುರ್ಚಿಯಲ್ಲಿ ಕೂತು, ಮುಂದಕ್ಕೆ ಬಾಗಿ, ಮೇಜಿನ ಮೇಲೆ ದಿಂಬಿಟ್ಟುಕೊಂಡು ಮಲಗುತ್ತಾರೆ. ರೇಡಿಯೋ ಹುಚ್ಚು ಅಷ್ಟಿಷ್ಟಲ್ಲ.

ಏಪ್ರಿಲ್ ೧೬, ಬುಧವಾರ

ಊಟಕ್ಕೆ ಕೂತಾಗ, "ನೋಡು, ನಾನಿಲ್ಲದಾಗ ನೀರಿನ ಪಂಪು ಕೈ ಕೊಟ್ರೆ..." ಎಂದು ಶುರುಮಾಡಿದರು. ಎಲ್ಲಿಗೆ ಹೋಗುತ್ತೀರಿ, ಸುಮ್ಮನೆ ಉಣ್ಣಿ ಎಂದು ತಟ್ಟೆಗೆ ಅನ್ನ ಹಾಕಿದೆ. ಅದನ್ನು ಕಲಸುತ್ತ, ಒಂದು ದಿನ ಅಂಗಡಿಗೆ ರಜೆ ಹಾಕಿ ನನ್ನ ಜೊತೆ ಕೂತುಕೋ, ಮಾತಾಡಬೇಕು ಎಂದರು. ಈಗ ಮಾತಾಡುತ್ತಿಲ್ಲವೇ ಎಂದೆ.

ಇಂಥ ಮಾತು ಇವರ ತಲೆಗೆ ಎಲ್ಲಿಂದ ಬಂತು? ಎಲ್ಲೋ ಏನೋ ನುಸುಳಿದೆ. ಇವರು ಸ್ನಾನಕ್ಕೆ ಹೋದಾಗ ಲ್ಯಾಪ್‌ಟಾಪ್ ಪರೀಕ್ಷಿಸಿದೆ. ಎಲ್ಲ ಸರಿಯಾಗಿಯೇ ಇದೆ. ವೈರಾಗ್ಯದ ಮಾತಾಡುವ ಪ್ರವಚನಕಾರರ ವಿಡಿಯೋಗಳು ಉಳಿದುಕೊಂಡಿದ್ದವು, ಅವನ್ನೂ ತಡೆದೆ.

ಏಪ್ರಿಲ್ ೨೧, ಸೋಮವಾರ

ಕೆಲಸ ಜಾಸ್ತಿ. ಮಾಲೀಕರು ಬೇಡವೆಂದರೂ ಸಂಜೆಯ ಪಾಳಿಯನ್ನೂ ಕೇಳಿ ತಗೊಂಡೆ. ಮನೆಯಲ್ಲಿ ಇವರು ನನ್ನನ್ನೇ ನೋಡುತ್ತ ಕೂರುತ್ತಾರೆ.

ಏಪ್ರಿಲ್ ೨೮, ಸೋಮವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಅಂಗಡಿಯ ಬೀರುವಿನ ಕೀ ಮನೆಯಲ್ಲೇ ಮರೆತಿದ್ದರಿಂದ ಮಧ್ಯಾಹ್ನ ಮನೆಗೆ ಬಂದೆ. ಇವರು ನೆಲದ ಮೇಲೆ ಮಂಡಿಯನ್ನು ಎದೆಗೆ ಒತ್ತಿಕೊಂಡು, ಕೆನ್ನೆಯನ್ನು ತಣ್ಣಗಿನ ಟೈಲ್ಸಿಗೆ ಇಟ್ಟು ಮಲಗಿದ್ದರು. ತುಟಿ ಕಚ್ಚಿ ರಕ್ತ ಬಂದಿತ್ತು. ಪಕ್ಕದಲ್ಲಿ ಲ್ಯಾಪ್‌ಟಾಪ್, ಅದರ ತುಂಬ ಬೂದು ಪರದೆ. ನಾನು ಮೊದಲು ನೋಡಿದ್ದು ಪರದೆಯನ್ನು. ಏನು ಹುಡುಕಿದರೋ ಎಂಬ ಹೆದರಿಕೆ. "ಹೊಟ್ಟೆ ನೋವು ಕಡಿಮೆಯಾಗಲು ಹೇಗೆ ಮಲಗಬೇಕು" ಎಂದು ಬರೆದಿದ್ದರು. ತಡೆಯಲಾಗಿದೆ ಎಂದು ಬಂದಿತ್ತು.

ಎತ್ತಿ ಕೂರಿಸಿದೆ. ಮೈಯಲ್ಲಿ ಭಾರವೇ ಇಲ್ಲ. ಯಾವಾಗಿನಿಂದ ನೋವು, ಯಾಕೆ ಹೇಳಲಿಲ್ಲ ಎಂದು ಬೈದೆ. ನನಗೆ ಹೆದರಿಕೆಯಾದಾಗ ಬರುವುದು ಬೈಗುಳವೇ. ಇವರು ಉಸಿರು ಹಿಡಿದುಕೊಂಡು, ನಿಧಾನಕ್ಕೆ ಹೇಳಿದರು.

"ಹೇಳಿದ್ರೆ ಡಾಕ್ಟ್ರ ಹತ್ರ ಹೋಗ್ಬೇಕು. ಹೋದ್ರೆ ಅವರು ಅದರ ಹೆಸರು ಹೇಳ್ತಾರೆ. ಆಮೇಲೆ ನಂಗೆ ಗೊತ್ತಿಲ್ಲ ಅಂತ ನಟಿಸೋಕಾಗಲ್ವಲ್ಲ."

ಸೆರಗಿನಿಂದ ಇವರ ತುಟಿಯ ರಕ್ತ ಒರೆಸಿದೆ. ಗೊತ್ತಾದದ್ದು ಹೇಗೆ ಎಂದು ಕೇಳಿದೆ.

"ಕೆಟ್ಟ ರೇಡಿಯೋನ ಹೇಗೆ ನೋಡ್ತೀನಿ ನಾನು? ಒಂದೊಂದೇ ಭಾಗ ಮುಟ್ಟಿ ನೋಡ್ತೀನಿ. ಕರೆಂಟು ಎಲ್ಲಿ ನಿಲ್ಲುತ್ತೋ ಅಲ್ಲೇ ಕೆಟ್ಟಿರೋದು. ಈ ಬೂದು ಪರದೆ ಮೊದಲು ಬಂದ ವಾರವೇ ಒಂದೊಂದೇ ಕಾಯಿಲೆ ಹೆಸರು ಹಾಕ್ದೆ. ಕಾಮಾಲೆ ತೆರೀತು. ಹುಣ್ಣು ತೆರೀತು. ಕ್ಷಯ ತೆರೀತು. ಒಂದು ಮಾತ್ರ ತೆರೀಲಿಲ್ಲ."

ನಾನು ಆ ಪದ ಹಾಕಿದ ವಾರವೇ ಗೊತ್ತಾಗಿದೆ. ಒಂದು ತಿಂಗಳಿಗೂ ಮೇಲೆ ಇವರು ಎಲ್ಲವನ್ನೂ ತಿಳಿದುಕೊಂಡೇ ನನ್ನೆದುರು ರೇಡಿಯೋ ಬಿಚ್ಚುತ್ತ, ನಗುತ್ತ ಕೂತಿದ್ದಾರೆ. ನಾನು ಆ ಪದವನ್ನು ತಡೆಯದೇ ಇದ್ದಿದ್ದರೆ ಇವರಿಗೆ ಗೊತ್ತಾಗುತ್ತಲೇ ಇರಲಿಲ್ಲವೇನೋ. ನೋವು ಎಂಬ ಪದವನ್ನು ತಡೆಯದೇ ಇದ್ದಿದ್ದರೆ, ಹೇಗೆ ಮಲಗಬೇಕು ಎಂದಾದರೂ ತಿಳಿಯುತ್ತಿತ್ತು. ಎರಡೂ ನನ್ನ ಕೈಯಾರೆ ಆದದ್ದು.

"ತೆಗಿ ಅದನ್ನ" ಎಂದರು. ಇವರ ಎದುರಿಗೇ ಪಾಸ್‌ವರ್ಡ್ ಹಾಕಿ, ಎರಡು ಆಡ್-ಆನ್‌ಗಳನ್ನೂ ತೆಗೆದುಹಾಕಿದೆ. ಖಚಿತವೇ ಎಂದು ಕೇಳಿತು. ಹೌದು ಎಂದು ಒತ್ತಿದೆ. ತಕ್ಷಣ ಪುಟದ ಎಡಕ್ಕೆ ಬಲಕ್ಕೆ ಜಾಹೀರಾತುಗಳು ಬಂದು ತುಂಬಿಕೊಂಡವು. ಬಾಗಿಲು ತೆರೆಯುವುದನ್ನೇ ಕಾದು ನಿಂತಿದ್ದ ನೆಂಟರ ಹಾಗೆ. ಹಲ್ಲು ಬಿಟ್ಟ ಡಾಕ್ಟರೂ ಬಂದ. ಇವರು ಅವನನ್ನು ನೋಡಿ, ಇವನಿಗಾ ನೀನು ಇಷ್ಟು ಹೆದರಿದ್ದು ಎಂದು ನಕ್ಕರು. ನಗುವಾಗ ನೋವು ಬಂದು ಹೊಟ್ಟೆ ಹಿಡಿದುಕೊಂಡರು.

ಏಪ್ರಿಲ್ ೩೦, ಬುಧವಾರ

ಡಾಕ್ಟರು ಬೈದರು. ನೋವಿಗೆ ಔಷಧಿ ಇದೆ, ತಿಂಗಳ ಹಿಂದೆಯೇ ಶುರು ಮಾಡಬಹುದಾಗಿತ್ತು, ಅದಕ್ಕೇ ಫೋನ್ ಮಾಡಿಸಿದ್ದು ಎಂದರು. ನಾನು ತಲೆ ಎತ್ತಲಿಲ್ಲ. ಇವರು ಅಡ್ಡ ಬಂದು, ಅವಳದೇನೂ ತಪ್ಪಿಲ್ಲ ಡಾಕ್ಟ್ರೇ, ನಾನೇ ಹೇಳಿರಲಿಲ್ಲ ಎಂದು ನನ್ನ ಪರ ವಹಿಸಿಕೊಂಡರು. ಇವರು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಸಿರಪ್ಪು ಕೊಟ್ಟಿದ್ದಾರೆ. ದಿನಾ ಬೆಳಗ್ಗೆ ನರ್ಸೊಬ್ಬಳು ಮನೆಗೆ ಬಂದು ನೋಡಿ ಹೋಗುತ್ತಾಳೆ. ದಾರಿಯಲ್ಲಿ ಇವರು, ಭಾನುವಾರ ನಿನಗೆ ರಜೆ ತಾನೆ, ಕೂತು ಎಲ್ಲ ಮಾತಾಡೋಣ ಎಂದರು. ಪಂಪಿನ ವಿಷಯ, ತಮ್ಮನ ವಿಷಯ, ನಾನು ಒಬ್ಬಳೇ ಈ ಮನೆಯಲ್ಲಿ ಇರುವುದೋ ಬೇಡವೋ ಎಂಬುದು. ಹೂಂ ಎಂದೆ. ಆಟೋದಲ್ಲಿ ಕೈ ಹಿಡಿದುಕೊಂಡೇ ಇದ್ದರು.

ಮೇ ೪, ಭಾನುವಾರ

ಬೆಳಗ್ಗೆಯೇ ಸ್ನಾನ ಮಾಡಿ, ಇವರ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ನಿದ್ದೆ ಮಾಡುತ್ತಿದ್ದರು. ಮಧ್ಯಾಹ್ನವೂ ನಿದ್ದೆ. ಔಷಧಿ ಹಾಗೇ ಇರುತ್ತದೆ, ಎಷ್ಟೋ ದಿನ ನಿದ್ದೆಯಿಲ್ಲದ ಮೈ ಎಂದು ನರ್ಸು ಹೇಳಿದಳು. ಮುಖದ ಗಂಟೆಲ್ಲ ಬಿಚ್ಚಿಹೋಗಿ, ಮದುವೆಯ ಹೊಸತರಲ್ಲಿ ಮಲಗುತ್ತಿದ್ದ ಹಾಗೆ ಮಲಗಿದ್ದರು. ಎಬ್ಬಿಸಲು ಮನಸ್ಸಾಗಲಿಲ್ಲ. ಎಬ್ಬಿಸಬೇಕಾಗಿತ್ತು.

ಸಂಜೆ ಕಣ್ಣು ಬಿಟ್ಟು, ಏನೋ ಹೇಳಬೇಕಿತ್ತಲ್ಲ ಎಂದರು. ನಾಳೆ ಹೇಳಿ ಎಂದೆ.

ಮೇ ೯, ಶುಕ್ರವಾರ

ಅಂಗಡಿ ಬಿಟ್ಟೆ. ದಿನವಿಡೀ ಪಕ್ಕದಲ್ಲೇ ಇರುತ್ತೇನೆ. ಕಣ್ಣು ಪೂರ್ತಿ ಹಳದಿಯಾಗಿದೆ. ಎಚ್ಚರವಿರುವಾಗ ರೇಡಿಯೋ ತಂದುಕೊಟ್ಟೆ. ಸ್ಕ್ರೂಡ್ರೈವರನ್ನು ಚಮಚದಂತೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿ ಕೆಳಗಿಟ್ಟರು. ಪಂಪಿನ ಬಗ್ಗೆ ನಾನೇ ಕೇಳಿದೆ. ಯಾವ ಪಂಪು ಎಂದರು.

ಹೀಗೆಲ್ಲ ಆಗುತ್ತದೆ, ಲಿವರು ಸೋತಾಗ ತಲೆಗೂ ಮಂಕು ಕವಿಯುತ್ತದೆ ಎಂದು ಡಾಕ್ಟರು ಹೇಳಿದರು. ಲ್ಯಾಪ್‌ಟಾಪಿನಲ್ಲೂ ಓದಿದೆ. ಎಲ್ಲ ಪುಟಗಳೂ ತೆರೆಯುತ್ತವೆ ಈಗ. ಎಲ್ಲದರಲ್ಲೂ ಹಾಗೇ ಬರೆದಿದೆ.

ಮೇ ೧೨, ಸೋಮವಾರ

ಮೈದುನನನ್ನು ಅಪ್ಪ ಎಂದು ಕರೆದರು. ಅವನು ಅಳಲಿಲ್ಲ. "ಏನಪ್ಪಾ" ಎಂದು ಓಗೊಟ್ಟು, ಕಾಲು ಒತ್ತುತ್ತ ಕೂತ.

ಮೇ ೧೫, ಗುರುವಾರ

ಬೆಳಗ್ಗೆ ನರ್ಸು ಬಂದು ಹೋದ ಸ್ವಲ್ಪ ಹೊತ್ತಿಗೆ ಇವರಿಗೆ ಎಚ್ಚರವಾಯಿತು. ನೋಟ ತಿಳಿಯಾಗಿದ್ದಂತೆ ಕಂಡಿತು. ನಾನು ಹಾಸಿಗೆಯ ಅಂಚಿನಲ್ಲಿ ಕೂತು ಮುಖ ಒರೆಸುತ್ತಿದ್ದೆ. ನನ್ನನ್ನೇ ನೋಡಿ, ತಮಗೆ ಏನಾಗಿದೆ ಎಂದು ಕೇಳಿದರು. ಎಲ್ಲ ಮರೆತುಹೋಗಿದೆ. ಎರಡು ತಿಂಗಳ ಹಿಂದೆ ಈ ಪ್ರಶ್ನೆಗೆ ಹೆದರಿ ನಾನು ಏನೆಲ್ಲ ಮಾಡಿದೆ.

ಇನ್ನು ಸುಳ್ಳು ಹೇಳಬಾರದು ಎಂದು ನಿರ್ಧರಿಸಿಕೊಂಡಿದ್ದೆ. ಕ್ಯಾನ್ಸರ್ ಎಂದೆ. ಈ ಪದವನ್ನು ಇವರ ಎದುರು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಹರಡಿದೆ, ಗುಣವಾಗುವುದಿಲ್ಲ ಎಂದೆ. ನನಗೆ ಭಯವಾಗುತ್ತಿದೆ, ನೀವಿಲ್ಲದೆ ಹೇಗಿರಬೇಕು ಎಂದು ತಿಳಿಯುತ್ತಿಲ್ಲ ಎಂದೂ ಹೇಳಿದೆ. ಇಷ್ಟು ದಿನ ಹೇಳದೆ ಉಳಿಸಿಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಇವರು ಗಮನವಿಟ್ಟು ಕೇಳಿದರು. ನಡುವೆ ತಲೆ ಅಲ್ಲಾಡಿಸಿದರು. ಆಮೇಲೆ ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ನನ್ನ ಮಣಿಕಟ್ಟು ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. ನನ್ನನ್ನು ನರ್ಸು ಎಂದುಕೊಂಡಿದ್ದರು.

"ಸಿಸ್ಟರ್, ಒಂದು ಉಪಕಾರ ಮಾಡಿ. ಇದನ್ನ ನನ್ನ ಹೆಂಡ್ತಿಗೆ ಮಾತ್ರ ಹೇಳ್ಬೇಡಿ. ಜೋರಿನವಳ ಹಾಗೆ ಕಾಣ್ತಾಳೆ ಅಷ್ಟೇ, ಅವಳು ತಡ್ಕೊಳ್ಳಲ್ಲ."

ಹೇಳುವುದಿಲ್ಲ ಎಂದೆ. ಮಾತು ಕೊಡಿ ಎಂದು ಕೈ ಚಾಚಿದರು. ಕೊಟ್ಟೆ.